ಅಪ್ಪನ ಗೋಡೆಯಲ್ಲಿ ಟೀವಿ ವೈರು

ಈ ಹೈದರಾಬಾದಿನಲ್ಲಿ ಯಾರು ಸಾಹುಕಾರ, ಯಾರು ಬಡವ ಎಂದು ತಿಳಿಯಲು ನನ್ನ ಹತ್ತಿರ ಒಂದೇ ಅಳತೆ ಇದೆ. ಮನೆಯೊಳಗೆ ಹೋಗಿ ವೈರ್ ನೋಡಬೇಕು. ವೈರ್ ಎಷ್ಟು ಕಾಣುತ್ತದೋ ಅಷ್ಟು ಬಡವ. ನಮ್ಮ ಸನತ್‌ನಗರದ ಗಲ್ಲಿಯಲ್ಲಿ ವೈರು ಕಂಬದಿಂದ ಹೊರಟು, ಕಂಡವರ ತಗಡಿನ ಮೇಲೆಲ್ಲ ಹಾಯ್ದು, ಕಿಟಕಿಯ ಮೂಲೆಯಿಂದ ಒಳಗೆ ಬರುತ್ತದೆ. ಒಳಗೆ ಬಂದ ಮೇಲಾದರೂ ನಾಚಿಕೆಯಿಂದ ಮೂಲೆ ಸೇರುತ್ತದೆಯೇ ಅಂದರೆ ಇಲ್ಲ. ಫ್ಯಾನಿಗೆ ಒಂದು, ಬಲ್ಬಿಗೆ ಒಂದು, ಮೊಬೈಲಿಗೆ ಒಂದು ಎಂದು ಗೋಡೆ ತುಂಬ ಹರಿದಾಡುತ್ತದೆ. ಅದೇ ಮಾದಾಪುರದ ಕಡೆ ಹೋಗಿ ನೋಡಿ. ಗಾಜಿನ ಕಟ್ಟಡ, ಒಳಗೆ ಸಾಲಿಗೆ ಸಾಲು ಕಂಪ್ಯೂಟರ್, ಒಂದು ವೈರ್ ಕಣ್ಣಿಗೆ ಬಿದ್ದರೆ ಕೇಳಿ. ಅಲ್ಲಿ ಕರೆಂಟು ದೇವರಿದ್ದ ಹಾಗೆ. ಎಲ್ಲ ಕಡೆ ಇದೆ, ಎಲ್ಲೂ ಕಾಣುವುದಿಲ್ಲ.

ಇದು ನನಗೆ ಹೇಗೆ ಗೊತ್ತೆಂದರೆ, ಮುಚ್ಚುವುದೇ ನನ್ನ ಹೊಟ್ಟೆಪಾಡು. ನಾನು ಫಾಲ್ಸ್ ಸೀಲಿಂಗ್ ಕೆಲಸದವನು. ಐದನೆಯ ಇಯತ್ತೆಗೆ ಶಾಲೆ ಬಿಟ್ಟೆ. ಬಿಟ್ಟೆ ಅನ್ನುವುದಕ್ಕಿಂತ ಶಾಲೆಯೂ ನಾನೂ ಒಬ್ಬರನ್ನೊಬ್ಬರು ಬಿಟ್ಟೆವು ಅಂದರೆ ಸರಿ. ಅದಕ್ಕೇ ಹೂವು ಬಳ್ಳಿ ಬಿಡಿಸಿ ಹೇಳಲು ನನಗೆ ಬರುವುದಿಲ್ಲ, ಬರುವವರನ್ನು ಕಂಡರೆ ಆಗುವುದೂ ಇಲ್ಲ. ದೊಡ್ಡ ಆಫೀಸುಗಳಲ್ಲಿ ತಲೆಯ ಮೇಲೆ ಬೆಳ್ಳಗೆ ಕಾಣುತ್ತದಲ್ಲ, ಅದು ಸುಳ್ಳು ಸೂರು. ನಿಜವಾದ ಸೂರು ಅದರ ಮೇಲಿರುತ್ತದೆ. ಎರಡರ ನಡುವೆ ಪೈಪು, ವೈರು, ಎಸಿಯ ಕೊಳವೆ, ಕೆಲಸದವರು ಉಗುಳಿದ ಗುಟ್ಕಾ, ಕುಡಿದು ಒಗೆದ ಚಹಾದ ಕಪ್ಪು, ಒಮ್ಮೊಮ್ಮೆ ಸತ್ತ ಪಾರಿವಾಳ. ಕೆಳಗಿನಿಂದ ನಾವು ಹಲಗೆ ಹೊಡೆದು, ಸಂದಿಗೆ ಪಿಒಪಿ ಅನ್ನುವ ಬಿಳಿ ಹಿಟ್ಟು ಕಲಸಿ ಸವರಿ, ಉಜ್ಜಿ, ಬಣ್ಣ ಬಳಿದು ಹೋಗುತ್ತೇವೆ. ಮರುದಿನ ಕೊರಳಿಗೆ ಗುರುತಿನ ಪಟ್ಟಿ ಕಟ್ಟಿಕೊಂಡ ಹುಡುಗರು ಹುಡುಗಿಯರು ಬಂದು ಅದರ ಕೆಳಗೆ ಕೂತು ಅಮೆರಿಕದವರ ಕೆಲಸ ಮಾಡುತ್ತಾರೆ. ತಲೆಯ ಮೇಲೆ ಪಾರಿವಾಳ ಸತ್ತು ಒಣಗಿದೆ ಎಂದು ಅವರಿಗೇನು ಗೊತ್ತು. ಮುಚ್ಚುವುದರಲ್ಲಿ ನನ್ನ ಕೈ ಒಳ್ಳೆಯದು ಎಂದು ಮೇಸ್ತ್ರಿಯೇ ಹೇಳುತ್ತಾನೆ. ಆ ಒಳ್ಳೆಯ ಕೈಯೇ ನಮ್ಮ ಅವ್ವನನ್ನು ಕೊಲ್ಲಲು ಹೋಗಿತ್ತು. ಟೀವಿಯ ಒಂದು ವೈರು ಕಾಣಬಾರದು ಎಂದು.

ಮೊದಲು ಗೋಡೆಯ ವಿಷಯ ಹೇಳಬೇಕು. ನಮ್ಮದು ಎರಡು ಕೋಣೆಯ ಮನೆ. ಕಟ್ಟಿದವನು ನಮ್ಮಪ್ಪ. ಗುರುಮಠಕಲ್ ಕಡೆಯಿಂದ ಬಂದ ಗೌಂಡಿ ಅವನು. ವಾರವೆಲ್ಲ ಮಂದಿಯ ಮನೆ ಕಟ್ಟುತ್ತಿದ್ದ, ಭಾನುವಾರ ನಮ್ಮದು ಕಟ್ಟುತ್ತಿದ್ದ. ಬೇರೆ ಬೇರೆ ಕಟ್ಟಡಗಳಲ್ಲಿ ಉಳಿದ ಇಟ್ಟಿಗೆ ತಂದು ಹಾಕಿದ್ದರಿಂದ ಒಂದು ಇಟ್ಟಿಗೆ ಇನ್ನೊಂದಕ್ಕೆ ಸಂಬಂಧವಿಲ್ಲ. ಒಂದು ಕೆಂಪು, ಒಂದು ಕಪ್ಪು, ಒಂದು ಅರ್ಧ ಸುಟ್ಟದ್ದು. ಆದರೂ ಗೋಡೆ ಮಾತ್ರ ನೂಲು ಹಿಡಿದ ಹಾಗೆ ನೆಟ್ಟಗಿತ್ತು. ಅದಕ್ಕೆ ಮೊಳೆ ಹೊಡೆಯಲು ಯಾರಿಗೂ ಅಪ್ಪಣೆ ಇರಲಿಲ್ಲ. ನಾನು ಸಣ್ಣವನಿದ್ದಾಗ ಒಮ್ಮೆ ಅಂಗಿ ನೇತುಹಾಕಲು ಮೊಳೆ ಹೊಡೆಯಹೋಗಿ ಪೆಟ್ಟು ತಿಂದಿದ್ದೆ. ಗೋಡೆಗೆ ಬಿದ್ದದ್ದು ಒಂದು ಪೆಟ್ಟು, ನನಗೆ ಬಿದ್ದದ್ದು ಹಲವು. ಹಾಗೆಂದು ಬರೀ ಗೋಡೆಯ ವಿಷಯಕ್ಕಷ್ಟೇ ಸಿಟ್ಟು ಮಾಡುತ್ತಿದ್ದ ಎಂದು ತಿಳಿಯಬೇಡಿ. ಅನ್ನ ಬಿಸಿ ಇದ್ದರೂ ಸಿಟ್ಟು, ಆರಿದರೂ ಸಿಟ್ಟು. ಮುಟ್ಟಿದರೆ ಸಿಡಿಯುವ ಮನುಷ್ಯ. ಅವ್ವ ಮೈಮೇಲೆ ಚಾದರ ಹೊದಿಸಲು ಹೋದರೆ ನಿದ್ದೆಯಲ್ಲೂ ಅವಳ ಕೈ ಕೊಡವುತ್ತಿದ್ದ. ಅವಳು ಮತ್ತೆ ಹೊದಿಸುತ್ತಿದ್ದಳು. ಇದೇ ಅವರ ಸಂಸಾರ.

ಅಪ್ಪ ಕೆಮ್ಮಿ ಕೆಮ್ಮಿ ಸತ್ತ. ಸಿಮೆಂಟಿನ ಧೂಳು ಎದೆಯಲ್ಲಿ ಕೂತು ಗಟ್ಟಿಯಾಗಿದೆ ಎಂದು ದವಾಖಾನೆಯಲ್ಲಿ ಹೇಳಿದರು. ಹೊರಗೆ ಇಷ್ಟು ಗೋಡೆ ಕಟ್ಟಿದ್ದು ಸಾಲದೆ ಒಳಗೂ ಒಂದು ಕಟ್ಟಿಕೊಂಡಿದ್ದ. ಅವನ ಫೋಟೋ ಅಂತ ಇದ್ದದ್ದು ಯಾವುದೋ ಗುರುತಿನ ಚೀಟಿಗೆ ತೆಗೆಸಿದ ಒಂದೇ ಒಂದು, ಅದೂ ಬಿಸಿಲಿಗೆ ಮುಖ ಸಿಂಡರಿಸಿಕೊಂಡದ್ದು. ಮೆಹದಿಪಟ್ಟಣಂನ ಸ್ಟುಡಿಯೋದವನಿಗೆ ಕೊಟ್ಟು ದೊಡ್ಡದು ಮಾಡು ಅಂದರೆ, ಅವನು ಕಂಪ್ಯೂಟರಿನಲ್ಲಿ ಅಪ್ಪನಿಗೆ ನೀಲಿ ಕೋಟು, ಟೈ ತೊಡಿಸಿ, ಹಿಂದೆ ಗುಲಾಬಿ ಹೂವು ಇಟ್ಟು, ಹೊಳೆಯುವ ಸ್ಟೀಲಿನ ಫ್ರೇಮ್ ಹಾಕಿ ಕೊಟ್ಟ. ಊರೆಲ್ಲ ಕಂಪ್ಯೂಟರಿನಿಂದ ಉದ್ಧಾರ ಆಗುತ್ತಿದ್ದ ಕಾಲ. ನಮ್ಮಪ್ಪನಿಗೆ ಅದರಿಂದ ಆದ ಲಾಭ ಆ ಕೋಟು ಒಂದೇ. ಅವ್ವ ಬಹಳ ಹೊತ್ತು ನೋಡಿ, ಕೋಟು ಹಾಕಿದರೂ ಮುಖ ಅದೇ ಇದೆ, ಇರಲಿ ಬಿಡು ಅಂದಳು. ಆ ಗೋಡೆಗೆ ಅಪ್ಪಣೆ ಇಲ್ಲದೆ ಬಿದ್ದ ಮೊದಲ ಮೊಳೆ ಅವನ ಫೋಟೋದ್ದೇ. ಅಂದಿನಿಂದ ಅವ್ವನದು ಒಂದು ನೇಮ. ಬೆಳಿಗ್ಗೆ ಸ್ನಾನ ಮಾಡಿ, ಒದ್ದೆ ಕೂದಲು ಗಂಟು ಹಾಕಿಕೊಂಡು ಬಂದು, ಫೋಟೋದ ಗಾಜಿಗೆ ವಿಭೂತಿ ಹಚ್ಚಿ, ಫ್ರೇಮಿನ ಕೆಳಗಿನ ಅಂಚನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು. ಆಮೇಲೆಯೇ ಚಹಾ.

ಹೀಗಿರುವಾಗ ಟೀವಿ ಬಂತು. ನಾವು ಸೀಲಿಂಗ್ ಹೊಡೆದಿದ್ದ ಒಂದು ಆಫೀಸು ಬೇರೆ ಕಡೆ ಹೋಯಿತು. ಹೋಗುವಾಗ ಹಳೆಯ ಸಾಮಾನೆಲ್ಲ ಕೆಲಸದವರಿಗೆ ಹಂಚಿದರು. ಒಬ್ಬನಿಗೆ ತಿರುಗುವ ಕುರ್ಚಿ, ಒಬ್ಬನಿಗೆ ಪ್ಲಾಸ್ಟಿಕ್ ಗಿಡ, ನನಗೆ ಗೋಡೆಗೆ ಹಾಕುವ ಚಪ್ಪಟೆ ಟೀವಿ. ಅದನ್ನು ಆಟೋದಲ್ಲಿ ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ತಂದೆ. ಮುಂದಿನ ಕೋಣೆಯಲ್ಲಿ ದೊಡ್ಡ ಗೋಡೆ ಒಂದೇ, ಅದರ ನಡುವೆ ಅಪ್ಪ. ಅಪ್ಪನನ್ನು ತಾತ್ಕಾಲಿಕವಾಗಿ ಕಪಾಟಿನ ಮೇಲೆ ಕೂರಿಸಿ ಟೀವಿಯನ್ನು ಅವನ ಜಾಗಕ್ಕೆ, ತುಸು ಎತ್ತರಕ್ಕೆ ಬಿಗಿದೆ. ಬಾಗಿಲ ಪಕ್ಕ, ಎದೆಯ ಎತ್ತರಕ್ಕೆ ಸ್ವಿಚ್ಚಿನ ಬೋರ್ಡ್ ಇತ್ತು. ಅಲ್ಲಿಂದ ಟೀವಿಯವರೆಗೆ ವೈರು ಜೋತುಬಿತ್ತು. ಒಂದು ವಾರದಲ್ಲಿ ಅವ್ವ ಅದರ ಮೇಲೆ ಕೈವಸ್ತ್ರ ಒಣಹಾಕಲು ಶುರುಮಾಡಿದಳು. ಹಗ್ಗ ಇದೆ, ಬಟ್ಟೆ ಇದೆ, ಒಣಹಾಕದೆ ಮತ್ತೇನು ಮಾಡಬೇಕು ಎಂಬುದು ಅವಳ ಲೆಕ್ಕ.

ನನ್ನ ಹೆಂಡತಿ ರೇಣುಕಾ ಅಮೀರ್‌ಪೇಟೆಯ ಒಂದು ಫ್ಲ್ಯಾಟಿನಲ್ಲಿ ಅಡುಗೆ ಕೆಲಸಕ್ಕೆ ಹೋಗುತ್ತಾಳೆ. ಅಲ್ಲಿ ಟೀವಿ ಗಾಳಿಯಲ್ಲಿ ನಿಂತ ಹಾಗೆ ಇದೆಯಂತೆ, ವೈರಿನ ಸುದ್ದಿಯೇ ಇಲ್ಲವಂತೆ. ದಿನಾ ಸಂಜೆ ಅಲ್ಲಿಂದ ಬಂದು ನಮ್ಮ ಟೀವಿ ನೋಡುತ್ತಾಳೆ, ಅದರ ವೈರು ನೋಡುತ್ತಾಳೆ, ಅದರ ಮೇಲಿನ ಕೈವಸ್ತ್ರ ನೋಡುತ್ತಾಳೆ, ಕಡೆಗೆ ನನ್ನನ್ನು ನೋಡುತ್ತಾಳೆ. ಒಂದು ದಿನ ತಡೆಯಲಾರದೆ ಅಂದೇಬಿಟ್ಟಳು.

"ಊರ ಮಂದಿ ಹುಳುಕೆಲ್ಲ ಮುಚ್ಚಿ ಬರ್ತೀರಿ. ನಿಮ್ಮ ಮನ್ಯಾಗಿಂದು ಒಂದು ವೈರ್ ಮುಚ್ಚಾಕ ಆಗವಲ್ದು. ಟೀವಿ ನೋಡಿದ್ರ ಎತ್ತಿಗೆ ಹಗ್ಗ ಕಟ್ಟಿದಂಗ ಕಾಣ್ತೈತಿ."

ಗಂಡಸಿಗೆ ಅವನ ಕೆಲಸದ ಮೇಲೆ ಮಾತು ಬಂದರೆ ತಡೆಯುವುದು ಕಷ್ಟ. ಮರುದಿನವೇ ವೈರು ತರಲು ಅಂಗಡಿಗೆ ಹೋದೆ. ಅಂಗಡಿಯ ಸಾಹೇಬರು ಹಿಂದಿಯಲ್ಲಿ, ಪ್ಲಾಸ್ಟಿಕ್ ಪಟ್ಟಿ ಒಯ್ಯಿ ತಮ್ಮಾ, ಗೋಡೆಯ ಮೇಲೆ ಬಡಿ, ಅದರೊಳಗೆ ವೈರ್ ಇಟ್ಟು ಮುಚ್ಚಳ ಹಾಕು, ಕತೆ ಮುಗಿಯಿತು ಅಂದರು. ನನಗೆ ನಗು ಬಂತು. ಪಟ್ಟಿ ಹಾಕಿದರೆ ಪಟ್ಟಿ ಕಾಣುತ್ತದಲ್ಲ. ಅದು ಮುಚ್ಚಿದ್ದು ಹೇಗಾಯಿತು? ಗೋಡೆಯೊಳಗೇ ಹಾಕುತ್ತೇನೆ ಅಂದೆ. ಹಾಗಾದರೆ ಪೈಪಿನೊಳಗೆ ಹಾಕು, ಗೆರೆ ನೆಟ್ಟಗೆ ತೆಗೆ ಅಂದರು. ನಾನು ಹೂಂ ಅಂದು ಪೈಪ್ ಬಿಟ್ಟು ವೈರ್ ಮಾತ್ರ ತಂದೆ. ಪೈಪ್ ಕೂರಬೇಕಾದರೆ ಗೋಡೆಯನ್ನು ಆಳಕ್ಕೆ ಕಡಿಯಬೇಕು. ಅಪ್ಪನ ಇಟ್ಟಿಗೆ ಎಂದರೆ ಚಾಣ ಹೊಡೆದರೆ ಕಿಡಿ ಬರುತ್ತದೆ. ಆಳಕ್ಕೆ ಕಡಿಯಲು ನನಗೆ ಮನಸ್ಸಿರಲಿಲ್ಲ, ತೋಳೂ ಇರಲಿಲ್ಲ.

ಭಾನುವಾರ ಕೂತೆ. ಚಾಣದ ಮೇಲೆ ಮೊದಲ ಸುತ್ತಿಗೆ ಬಿದ್ದಾಗ ಅವ್ವ ಅಕ್ಕಿ ಆರಿಸುವುದು ಬಿಟ್ಟು ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತಳು. ನಾನು ಮನುಷ್ಯನ ಮೇಲೆ ಚಾಣ ಇಟ್ಟ ಹಾಗೆ ಕೂತಿದ್ದಳು. ನಡುವೆ ಒಮ್ಮೆ ಒಳಗೆ ಇಣುಕಿ, "ಸಾವಕಾಶ ಹೊಡಿಯೋ ಮಲ್ಲ್ಯಾ, ಅವರು ನೋಡಾಕತ್ತಾರ" ಅಂದಳು. ನೋಡಿದರೆ ಹೌದು, ಕಪಾಟಿನ ಮೇಲಿನಿಂದ ಅಪ್ಪ ಕೋಟು ಹಾಕಿಕೊಂಡು ನನ್ನನ್ನೇ ನೋಡುತ್ತಿದ್ದ, ಸೈಟಿಗೆ ಬಂದ ಎಂಜಿನಿಯರನ ಹಾಗೆ. ಫೋಟೋ ಗೋಡೆಯ ಕಡೆ ತಿರುಗಿಸಿ ಇಟ್ಟು ಕೆಲಸ ಮುಂದುವರಿಸಿದೆ. ಕರೆಂಟಿನ ಕೆಲಸ ಬಲ್ಲವರು ಗೋಡೆಯಲ್ಲಿ ಗೆರೆ ತೆಗೆದರೆ ನೆಟ್ಟಗೆ ಮೇಲಕ್ಕೆ, ಆಮೇಲೆ ನೆಟ್ಟಗೆ ಅಡ್ಡಕ್ಕೆ ತೆಗೆಯುತ್ತಾರೆ. ಮುಂದೆ ಯಾರಾದರೂ ಮೊಳೆ ಹೊಡೆಯಬೇಕಾದರೆ ಬೋರ್ಡ್ ನೋಡಿ ವೈರ್ ಎಲ್ಲಿದೆ ಎಂದು ಅಂದಾಜು ಮಾಡಬಹುದು. ನಾನು ಹಾಗೆ ಮಾಡಲಿಲ್ಲ. ಬೋರ್ಡಿನಿಂದ ಟೀವಿಗೆ ಓರೆಯಾಗಿ, ಹೊಲದಲ್ಲಿ ಅಡ್ಡ ಹಾಯ್ದು ಹೋದ ಹಾಗೆ, ಹತ್ತಿರದ ದಾರಿ ಹಿಡಿದೆ. ಅರ್ಧ ಕೆಲಸ ತಪ್ಪಿತಲ್ಲ ಎಂದು ನನ್ನ ಬುದ್ಧಿಗೆ ನಾನೇ ಮೆಚ್ಚಿದೆ.

ವೈರನ್ನು ಗೆರೆಯಲ್ಲಿ ಮಲಗಿಸಿ ಮೇಲೆ ಪಿಒಪಿ ತುಂಬಿದೆ. ಇಲ್ಲಿಂದ ಮುಂದೆ ಕೆಲಸ ನನ್ನದು. ಸವರಿದೆ, ಒಣಗಿಸಿದೆ, ಉಜ್ಜಿದೆ, ಮತ್ತೆ ಸವರಿದೆ, ಇಡೀ ಗೋಡೆಗೆ ಬಣ್ಣ ಬಳಿದೆ. ಮುಗಿದ ಮೇಲೆ ವೈರ್ ಎಲ್ಲಿ ಹೋಗಿದೆ ಎಂದು ಸ್ವತಃ ನನಗೇ ತಿಳಿಯಲಿಲ್ಲ. ಇದನ್ನು ಹೊಗಳಿಕೊಳ್ಳಲು ಹೇಳುತ್ತಿಲ್ಲ; ಇದೇ ಈ ಕತೆಯ ದುರ್ದೈವ. ಗಲ್ಲಿಯ ಹೆಂಗಸರು ನೋಡಲು ಬಂದರು. ಇಲ್ಲದ್ದನ್ನು ನೋಡಲು ಬಂದವರನ್ನು ನಾನು ಅದೇ ಮೊದಲು ಕಂಡದ್ದು. ಪಕ್ಕದ ಮನೆಯ ಯಾದಮ್ಮ ಗೋಡೆಯ ಮೇಲೆ ಅಂಗೈ ಆಡಿಸಿ, ಕಿವಿ ಇಟ್ಟು ಕೇಳಿ, ತೆಲುಗಿನಲ್ಲಿ ವೈರ್ ಎಲ್ಲಿ ಎಲ್ಲಿ ಎಂದು ಕೇಳಿದಳು. ಇಲ್ಲ ಅಂದೆ. ಇಲ್ಲದೆ ಟೀವಿ ಹೇಗೆ ನಡೆಯುತ್ತದೆ ಅಂದಳು. ನಡೆಯುತ್ತದೆ ಅಂದೆ. ರೇಣುಕಾ ಎಲ್ಲರಿಗೂ ಚಹಾ ಕೊಟ್ಟಳು. ಮದುವೆಯಾದ ಮೇಲೆ ಅವಳು ನನ್ನ ಕಡೆ ಹಾಗೆ ನೋಡಿದ್ದು ಬಹಳ ಕಡಿಮೆ.

ಇನ್ನು ಉಳಿದದ್ದು ಅಪ್ಪ. ಅವನನ್ನು ಎಲ್ಲಿ ತೂಗುಹಾಕುವುದು? ಟೀವಿಗೂ ಬಾಗಿಲಿಗೂ ನಡುವೆ ಜಾಗ ಇತ್ತು. ಟೀವಿಗಿಂತ ಕೆಳಗೆ ಬೇಡ, ಅದರ ಸಮಕ್ಕೇ ಇರಲಿ, ಹಿರಿಯ ಮನುಷ್ಯ ಎಂದು ಎತ್ತರಕ್ಕೆ ಗುರುತು ಮಾಡಿ ಮೊಳೆ ಇಟ್ಟೆ. ಒಂದೇ ಪೆಟ್ಟಿಗೆ ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು. ಅಪ್ಪನ ಗೋಡೆ ಅಷ್ಟು ಸುಲಭಕ್ಕೆ ಮೊಳೆ ತೆಗೆದುಕೊಳ್ಳುವ ಜಾತಿಯದಲ್ಲ. ಆಗಲೇ ನನಗೆ ಸಂಶಯ ಬರಬೇಕಿತ್ತು. ಬರಲಿಲ್ಲ. ಮೊಳೆ ಹೋದದ್ದು ಇಟ್ಟಿಗೆಗಲ್ಲ, ನನ್ನದೇ ಪಿಒಪಿಗೆ. ಅದರೊಳಗೆ ಓರೆಯಾಗಿ ಮಲಗಿದ್ದ ವೈರಿನ ಒಂದು ಎಳೆಗೆ. ಇದು ಈಗ ನಿಮಗೆ ಗೊತ್ತಾಯಿತು. ನನಗೆ ಗೊತ್ತಾಗಲು ಇನ್ನೂ ಬಹಳ ದಿನ ಹಿಡಿಯಿತು. ಮೊಳೆಗೆ ಕಬ್ಬಿಣದ ತಂತಿ, ತಂತಿಗೆ ಸ್ಟೀಲಿನ ಫ್ರೇಮು. ಟೀವಿಯ ಸ್ವಿಚ್ ಹಾಕಿದಾಗೆಲ್ಲ ಕರೆಂಟು ಗೋಡೆಯೊಳಗಿನಿಂದ ಹೊರಗೆ ಬಂದು ಅಪ್ಪನ ಸುತ್ತ ನಿಲ್ಲುತ್ತಿತ್ತು. ಪ್ರತಿದಿನ ಬೆಳಿಗ್ಗೆ ನಮ್ಮ ಅವ್ವ ಒದ್ದೆ ಕೈಯಲ್ಲಿ ಅದನ್ನು ಮುಟ್ಟುತ್ತಿದ್ದಳು.

ಅವಳನ್ನು ಉಳಿಸಿದ್ದು ಒಂದು ಕಟ್ಟಿಗೆಯ ಸ್ಟೂಲು. ಫೋಟೋ ಎತ್ತರಕ್ಕೆ ಹೋದದ್ದರಿಂದ ಅವಳಿಗೆ ಕೈ ಎಟುಕುತ್ತಿರಲಿಲ್ಲ. ಅಪ್ಪ ಗೋಡೆಗೆ ಸಿಮೆಂಟಿನ ಗಿಲಾಯಿ ಮಾಡಲು ಹತ್ತಿ ನಿಲ್ಲುತ್ತಿದ್ದ ಹಳೆಯ ಸ್ಟೂಲನ್ನು ಎಳೆದುಕೊಂಡು ಹತ್ತುತ್ತಿದ್ದಳು. ಕಟ್ಟಿಗೆಯ ಮೇಲೆ ನಿಂತವರಿಗೆ ಕರೆಂಟು ಪೂರ್ತಿ ಹಿಡಿಯುವುದಿಲ್ಲ, ಜುಮ್ಮೆನಿಸಿ ಬಿಡುತ್ತದೆ. ನೆಲದ ಮೇಲೆ ಬರಿಗಾಲಲ್ಲಿ, ಸ್ನಾನದ ನೀರು ಇಳಿಯುವ ಕಾಲಲ್ಲಿ ನಿಂತು ಮುಟ್ಟಿದ್ದರೆ ಅದೇ ದಿನ ಇನ್ನೊಂದು ಫೋಟೋಗೆ ಕೋಟು ಹಾಕಿಸಲು ನಾನು ಮೆಹದಿಪಟ್ಟಣಂಗೆ ಹೋಗಬೇಕಾಗುತ್ತಿತ್ತು.

ನಮಗೆ ಕಂಡದ್ದು ಇಷ್ಟೇ. ಟೀವಿ ಬಂದಾಗ ಅದನ್ನು ದೂರದಿಂದ ಎಮ್ಮೆ ನೋಡಿದ ಹಾಗೆ ನೋಡುತ್ತಿದ್ದ ಅವ್ವ, ವೈರು ಗೋಡೆಗೆ ಹೋದ ಮೇಲೆ ಬೆಳಿಗ್ಗೆ ಎದ್ದ ತಕ್ಷಣ ತಾನೇ ಟೀವಿ ಹಚ್ಚತೊಡಗಿದಳು. ಹಚ್ಚಿ ನೋಡುತ್ತಾಳೆಯೇ ಅಂದರೆ ಅದೂ ಇಲ್ಲ. ಹಚ್ಚಿ ಸ್ನಾನಕ್ಕೆ ಹೋಗುವುದು, ಬಂದು ಸ್ಟೂಲ್ ಹತ್ತಿ ಪೂಜೆ ಮಾಡುವುದು, ಇಳಿದ ಮೇಲೆ ಆರಿಸುವುದು. ಒಂದು ದಿನ ಕರೆಂಟ್ ಹೋಗಿತ್ತು. ಬರುವವರೆಗೆ ಪೂಜೆಯನ್ನೂ ಮಾಡಲಿಲ್ಲ, ಚಹಾವನ್ನೂ ಕುಡಿಯಲಿಲ್ಲ. ಅತ್ತೆಗೆ ಟೀವಿಯ ಹುಚ್ಚು ಹಿಡಿದಿದೆ, ಆದರೆ ನೋಡುವ ಹುಚ್ಚಲ್ಲ ಎಂದು ರೇಣುಕಾ ನನ್ನ ಹತ್ತಿರ ಹೇಳಿದಳು. ವಯಸ್ಸಾದವರಿಗೆ ಮನೆಯಲ್ಲಿ ಸದ್ದಿರಬೇಕು ಅನಿಸುತ್ತದೆ ಎಂದು ನಾನು ದೊಡ್ಡ ಡಾಕ್ಟರನ ಹಾಗೆ ಹೇಳಿದೆ. ಒಂದು ಮಾತು ಮಾತ್ರ ನಿಜ. ಅಪ್ಪ ಸತ್ತಂದಿನಿಂದ ಬಾಡಿಕೊಂಡಿದ್ದ ಅವ್ವ ಆ ದಿನಗಳಲ್ಲಿ ತುಸು ಚೇತರಿಸಿದ್ದಳು. ಯಾದಮ್ಮನ ಜೊತೆ ಕಟ್ಟೆಯ ಮೇಲೆ ಕೂತು ನಗುತ್ತಿದ್ದಳು. ಅಡುಗೆಯಲ್ಲಿ ಉಪ್ಪು ಹೆಚ್ಚು, ಖಾರ ಕಡಿಮೆ ಎಂದು ರೇಣುಕಾಳ ಜೊತೆ ಜಗಳಕ್ಕೂ ನಿಲ್ಲುತ್ತಿದ್ದಳು. ನಮಗೆಲ್ಲ ಸಮಾಧಾನ.

ರೇಣುಕಾಳಿಗೆ ಇದ್ದ ಚಿಂತೆ ಸ್ಟೂಲಿನದು. ಅದರ ಒಂದು ಕಾಲು ಅಲುಗಾಡುತ್ತಿತ್ತು. ಅವ್ವನ ಮೊಣಕಾಲೂ ಅಲುಗಾಡುತ್ತಿತ್ತು. ಮುದುಕಿ ಬಿದ್ದು ಸೊಂಟ ಮುರಿದುಕೊಂಡರೆ ಯಾರು ಮಾಡುವವರು, ಮಾವನ ಫೋಟೋವನ್ನು ಕೆಳಗೆ ಹಾಕಿ, ನೆಲದ ಮೇಲೆ ನಿಂತು ಮುಟ್ಟುವ ಹಾಗೆ ಮಾಡಿ ಎಂದು ದಿನಾ ಹೇಳುತ್ತಿದ್ದಳು. ಎಷ್ಟು ಒಳ್ಳೆಯ ಮಾತು ನೋಡಿ. ಎಂಥವರೂ ಅಹುದು ಅನ್ನುವ ಮಾತು. ನಾನೂ ಅಹುದು ಅಂದೆ. ಆದರೆ ಮಾಡಲಿಲ್ಲ. ಯಾಕೆಂದರೆ ನಾನು ಸೋಮಾರಿ. ದಿನವಿಡೀ ತಲೆ ಮೇಲೆತ್ತಿ ಮಂದಿಯ ಸೂರು ಮುಚ್ಚಿ ಬಂದವನಿಗೆ ಮನೆಯಲ್ಲಿ ಸುತ್ತಿಗೆ ಕಂಡರೆ ಕುತ್ತಿಗೆ ನೋಯುತ್ತದೆ. ಈ ಭಾನುವಾರ, ಬರುವ ಭಾನುವಾರ ಎಂದು ಮುಂದೆ ಹಾಕುತ್ತ ಹೋದೆ. ಮಗನ ಪ್ರೀತಿ ಅವ್ವನ ಪ್ರಾಣ ತೆಗೆಯಲು ತಯಾರಾಗಿತ್ತು, ಮಗನ ಸೋಮಾರಿತನ ಅಡ್ಡ ನಿಂತಿತ್ತು. ಕೆಲಸಗಳ್ಳರನ್ನು ಬೈಯುವವರು ಈ ಸಂಗತಿಯನ್ನು ಲೆಕ್ಕಕ್ಕೆ ಹಿಡಿಯಬೇಕು.

ಕಡೆಗೆ ಒಂದು ಭಾನುವಾರ ರೇಣುಕಾ ಮಾತು ನಿಲ್ಲಿಸಿದಳು. ಬೈಯುವುದಕ್ಕಿಂತ ಅದು ಕೆಟ್ಟದ್ದು. ಅವಳು ನೆಲ ಒರೆಸುತ್ತಿದ್ದಳು, ಬಕೆಟ್ ಇಡುವ ಸದ್ದಿನಲ್ಲೇ ಬೈಗುಳ ಕೇಳುತ್ತಿತ್ತು. ಅವ್ವ ಟೀವಿ ಹಚ್ಚಿ ಸ್ನಾನ ಮುಗಿಸಿ ಹಿಂದೆ ಕೂದಲು ಒರೆಸಿಕೊಳ್ಳುತ್ತಿದ್ದಳು. ನಾನು ಸುತ್ತಿಗೆ ತೆಗೆದುಕೊಂಡು ಎದ್ದೆ. ನನಗೆ ಸ್ಟೂಲು ಬೇಕಿರಲಿಲ್ಲ, ಕೈ ಎಟುಕುತ್ತಿತ್ತು. ಒರೆಸಿದ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಅಪ್ಪನನ್ನು ಇಳಿಸಲು ಎರಡು ಕೈಯಿಂದ ಫ್ರೇಮ್ ಹಿಡಿದೆ.

ಏನಾಯಿತು ಎಂದು ಸರಿಯಾಗಿ ಹೇಳಲಾರೆ. ಎದೆಗೆ ಯಾರೋ ಒದ್ದ ಹಾಗಾಯಿತು. ಹಲ್ಲು ಹಲ್ಲು ಕಚ್ಚಿಕೊಂಡವು. ಕಣ್ಣು ಬಿಟ್ಟಾಗ ನಾನು ಮಂಚದ ಕಾಲಿನ ಹತ್ತಿರ ಬಿದ್ದಿದ್ದೆ. ಅಪ್ಪ ಗೋಡೆಯ ಮೇಲೆ ಸೊಟ್ಟಗೆ ತೂಗಾಡುತ್ತಿದ್ದ. ರೇಣುಕಾ ಒರೆಸುವ ಬಟ್ಟೆ ಹಿಡಿದುಕೊಂಡು ಬಾಯಿ ತೆರೆದು ನಿಂತಿದ್ದಳು. ಅವ್ವ ಒಳಗಿನಿಂದ ಬಂದಳು. ಬಂದವಳು ಗಾಬರಿಯಾಗಲಿಲ್ಲ. ನನ್ನನ್ನು ನೋಡಿದಳು, ಫೋಟೋ ನೋಡಿದಳು.

"ನಿನಗೂ ಹೊಡದ್ರೇನು?" ಅಂದಳು.

ನಾನು ಏಳುವ ಮೊದಲೇ ಆ ಮಾತು ನನ್ನೊಳಗೆ ಇಳಿಯಿತು. ನಿನಗೂ ಅಂದರೆ ಏನು ಎಂದು ಕೇಳಿದೆ. ಅವ್ವ ಮಂಚದ ಮೇಲೆ ಕೂತು, ಮದುವೆಯಾದ ಹೊಸದರ ಮಾತು ಹೇಳುವ ಹಾಗೆ ತಲೆ ತಗ್ಗಿಸಿ ಹೇಳಿದಳು. ಫೋಟೋ ಮೇಲಕ್ಕೆ ಹೋದ ದಿನದಿಂದ ಅವರು ಬಂದಿದ್ದಾರೆ. ಮುಟ್ಟಿದರೆ ಜುಮ್ಮ್ ಅನ್ನಿಸುತ್ತಾರೆ, ಕೈ ಕೊಡವುತ್ತಾರೆ. ಮೊದಲ ದಿನ ಹೆದರಿಕೆ ಆಯಿತು. ಆಮೇಲೆ ಗುರುತು ಸಿಕ್ಕಿತು. ಗೋಡೆ ಕಡಿದದ್ದಕ್ಕೆ ಸಿಟ್ಟು ಬಂದಿದೆ. ಅದರಲ್ಲೂ ಟೀವಿ ಹಚ್ಚಿದಾಗಲೇ ಸಿಟ್ಟು, ಆರಿಸಿದರೆ ಸುಮ್ಮನಿರುತ್ತಾರೆ. ಅದಕ್ಕೇ ದಿನಾ ಹಚ್ಚುತ್ತಿದ್ದೆ.

"ಸಿಟ್ಟು ಬರ್ತೈತಂತ ಗೊತ್ತಿದ್ದೂ ಹಚ್ಚತಿದ್ದೇನವ್ವ?" ಅಂದೆ.

"ಸಿಟ್ಟರ ಐತಲ್ಲೋ" ಅಂದಳು. "ಏನೂ ಇಲ್ಲದಕ್ಕಿಂತ."

ರೇಣುಕಾ ಒರೆಸುವ ಬಟ್ಟೆಯ ಸಮೇತ ಒದ್ದೆ ನೆಲದ ಮೇಲೆಯೇ ಕೂತುಬಿಟ್ಟಳು. ನೆಲದ ಮೇಲೆ ನಿಂತು ಮುಟ್ಟುವ ಹಾಗೆ ಮಾಡಿ ಎಂದು ದಿನಾ ಬೆನ್ನು ಹತ್ತಿದವಳು ಅವಳಲ್ಲವೇ. ನಾನು ಎದ್ದು ಹೋಗಿ ಮೇನ್ ಆರಿಸಿದೆ. ಚಾಣ ತಂದು, ನುಣ್ಣಗೆ ಮಾಡಿದ್ದ ಗೋಡೆಯನ್ನು ಮೊಳೆಯ ಸುತ್ತ ಒಡೆದೆ. ಮೊಳೆ ವೈರಿನ ನಡುವೆ ಮುಳ್ಳು ಹೊಕ್ಕ ಹಾಗೆ ಹೊಕ್ಕಿತ್ತು. ಅವ್ವನನ್ನು ಕರೆದು ತೋರಿಸಿದೆ. ಇದು ವೈರು, ಇದು ಮೊಳೆ, ಕರೆಂಟ್ ಹೀಗೆ ಬಂತು, ಹೀಗೆ ಫ್ರೇಮಿಗೆ ಹೋಯಿತು, ಅಪ್ಪನೂ ಇಲ್ಲ ಸಿಟ್ಟೂ ಇಲ್ಲ, ನೀನು ಯಾವತ್ತಾದರೂ ಸಾಯುತ್ತಿದ್ದೆ ಎಂದು ಬಿಡಿಸಿ ಹೇಳಿದೆ. ಅವಳು ಬಗ್ಗಿ ನೋಡಿದಳು. ಗೌಂಡಿಯ ಹೆಂಡತಿ, ತಿಳಿಯದೇನಲ್ಲ.

"ಕರೆಂಟಂತ ನನಗೂ ತಿಳೀತು" ಅಂದಳು. "ಇಷ್ಟು ದೊಡ್ಡ ಗ್ವಾಡ್ಯಾಗ ಮೊಳಿ ಅಲ್ಲೇ ಯಾಕ ಬಿತ್ತು?"

"ನಾ ಹೆಡ್ಡ ಇದ್ದದ್ದಕ್ಕ ಬಿತ್ತು."

"ಹೆಡ್ಡನ್ನ ಹುಟ್ಟಿಸಿದವರೂ ಅವರ ಅಲ್ಲೇನು?"

ಅಂದೇ ವೈರನ್ನೆಲ್ಲ ಕಿತ್ತು ತೆಗೆದೆ. ಅಂಗಡಿಗೆ ಹೋಗಿ ಪ್ಲಾಸ್ಟಿಕ್ ಪಟ್ಟಿ ತಂದೆ. ಸಾಹೇಬರು ನನ್ನ ಮುಖ ನೋಡಿ ಗೋಣು ಹಾಕಿ ಕಟ್ಟಿ ಕೊಟ್ಟರು. ಪಟ್ಟಿಯನ್ನು ಎಲ್ಲರಿಗೂ ಕಾಣುವ ಹಾಗೆ ಗೋಡೆಯ ಮೇಲೆ ನೆಟ್ಟಗೆ ಬಡಿದೆ. ಒಡೆದ ಗೆರೆಗೆ ಸಿಮೆಂಟು ತುಂಬಿದೆ, ಬಣ್ಣ ಹಚ್ಚಲಿಲ್ಲ. ಬಾಗಿಲಿನಿಂದ ಟೀವಿಯವರೆಗೆ ಓರೆಯಾಗಿ ಒಂದು ಬೂದು ಬರೆ ಉಳಿಯಿತು. ಯಾದಮ್ಮ ಬಂದು ನೋಡಿ, ಹೋದ ವೈರು ತಿರುಗಿ ಬಂತೇನು ಎಂದು ಕೇಳಿ ಹೋದಳು. ರೇಣುಕಾ ಎತ್ತಿನ ಮಾತು, ಹಗ್ಗದ ಮಾತು ಮತ್ತೆ ಎತ್ತಲಿಲ್ಲ. ಅಪ್ಪನನ್ನು ಬೇರೆ ಮೊಳೆ ಹೊಡೆದು ತೂಗುಹಾಕಿದೆ. ಆ ಮೊಳೆ ಮೂರು ಸಲ ಸೊಟ್ಟಗಾದ ಮೇಲೆ ಹೋಯಿತು; ಇಟ್ಟಿಗೆಗೇ ಹೋಗಿದೆ ಎಂದು ನೆಮ್ಮದಿಯಾಯಿತು. ಕೆಳಗೆ ಹಾಕುತ್ತೇನೆ ಅಂದರೆ ಅವ್ವ ಒಪ್ಪಲಿಲ್ಲ, ಇದ್ದಲ್ಲೇ ಇರಲಿ ಅಂದಳು. ಸ್ಟೂಲಿನ ಕಾಲನ್ನಾದರೂ ಗಟ್ಟಿ ಮಾಡಿಕೊಟ್ಟೆ.

ಮರುದಿನ ಬೆಳಿಗ್ಗೆ ನಾನು ಎದ್ದವನು ಚಾದರದೊಳಗಿನಿಂದ ನೋಡುತ್ತಿದ್ದೆ. ಅವ್ವ ಟೀವಿ ಹಚ್ಚಿದಳು. ಸ್ನಾನ ಮಾಡಿ ಬಂದಳು. ಸ್ಟೂಲು ಹತ್ತಿ, ವಿಭೂತಿ ಹಚ್ಚಿ, ಫ್ರೇಮ್ ಮುಟ್ಟಿದಳು. ಮುಟ್ಟಿದ ಕೈ ತೆಗೆಯಲಿಲ್ಲ. ಮೊದಲು ಬೆರಳು ಇಟ್ಟಳು, ಆಮೇಲೆ ಅಂಗೈ ಇಟ್ಟಳು. ಟೀವಿಯಲ್ಲಿ ಯಾರೋ ಎಳ್ಳಿನ ಚಟ್ನಿ ಮಾಡುವುದು ಹೇಗೆಂದು ಹೇಳುತ್ತಿದ್ದರು. ಅದು ಮುಗಿಯುವವರೆಗೂ ಅವಳು ಹಾಗೆಯೇ ನಿಂತಿದ್ದಳು. ಕಡೆಗೆ ಇಳಿದು, ಟೀವಿ ಆರಿಸಿ, ನನಗೆ ಕೇಳಲಿ ಎಂದೂ ಅಲ್ಲ, ಕೇಳಬಾರದು ಎಂದೂ ಅಲ್ಲ, ಸುಮ್ಮನೆ ಅಂದಳು:

"ಈಗ ಖರೆ ಸತ್ರು."

ಆಮೇಲೆ ಅವಳು ಟೀವಿ ಮುಟ್ಟಲಿಲ್ಲ. ವಿಭೂತಿ ಹಚ್ಚುತ್ತಾಳೆ, ಕಣ್ಣಿಗೆ ಒತ್ತಿಕೊಳ್ಳುತ್ತಾಳೆ, ಇಳಿಯುತ್ತಾಳೆ, ಚಹಾ ಕುಡಿಯುತ್ತಾಳೆ. ಉಪ್ಪು ಹೆಚ್ಚಾದರೂ ಸುಮ್ಮನೆ ಉಣ್ಣುತ್ತಾಳೆ. ಅದನ್ನು ನೋಡಲಾರದೆ ರೇಣುಕಾ ಬೇಕೆಂದೇ ಖಾರ ಸುರಿದು ಒಂದು ದಿನ ಸಾರು ಮಾಡಿದಳು. ಅವ್ವ ನೀರು ಕುಡಿದು ಉಂಡು ಎದ್ದಳು. ಪ್ರಾಣ ಉಳಿಸಿದೆ ಎಂದು ಎದೆ ತಟ್ಟಿಕೊಳ್ಳೋಣವೆಂದರೆ ಮನೆಯಲ್ಲಿ ಯಾರಿಗೂ ಅದನ್ನು ಕೇಳುವ ಮನಸ್ಸಿಲ್ಲ.

ನನಗೂ ಒಂದು ಕೆಟ್ಟ ಚಟ ಉಳಿಯಿತು. ಅವ್ವ ಹಿಂದೆ ನೀರು ತುಂಬುತ್ತಿದ್ದ ಒಂದು ಬೇಸಿಗೆಯ ಮುಂಜಾನೆ, ಸ್ನಾನ ಮಾಡಿದವನೇ ಟೀವಿ ಹಚ್ಚಿ, ಬೇಕಿಲ್ಲದಿದ್ದರೂ ಸ್ಟೂಲು ಹತ್ತಿ, ಅಪ್ಪನ ಫ್ರೇಮನ್ನು ಒದ್ದೆ ಕೈಯಲ್ಲಿ ಹಿಡಿದು ನಿಂತೆ. ಬದುಕಿದ್ದಾಗ ಅವನ ಕೈಗೆ ಸಿಗಬಾರದೆಂದು ಓಡಿದವನು ನಾನು. ರೇಣುಕಾ ಹಿಂದಿನಿಂದ ಬಂದದ್ದು ಗೊತ್ತಾಗಲಿಲ್ಲ.

"ಏನ್ ಮಾಡಾಕತ್ತೀರಿ?"

"ಕರೆಂಟ್ ಬರ್ತೈತೇನು ನೋಡಾಕತ್ತೀನಿ."

"ಬರ್ತೈತೇನು?"

"ಇಲ್ಲ."

"ಚಲೋ ಆತಲ್ಲ. ಮತ್ತ ಮಾರಿ ಯಾಕ ಹಂಗ ಮಾಡೀರಿ?"

ಕೆಲಸಕ್ಕೆ ಹೊತ್ತಾಯಿತು ಎಂದು ಹೇಳಿ ಇಳಿದೆ. ಅವತ್ತು ಭಾನುವಾರ.